ಬೆನ್ನು, ಟೊಂಕ, ಗೋಣು

ಹಳೆಯ ಸಂಸ್ಕೃತ ಹಸ್ತಪ್ರತಿಗಳನ್ನು ಕಂಡವರಿಗೆ ಒಂದು ವಾಡಿಕೆಯು ಪರಿಚಿತವಾಗಿರಬಹುದು. ಗ್ರಂಥವು ಮುಗಿದು ಸಮಾಪ್ತಿಯ ಒಕ್ಕಣೆಯೂ ಬರೆದಾದ ಮೇಲೆ, ಲಿಪಿಕಾರನು ಕೊನೆಯ ಪತ್ರದಲ್ಲಿ ತನ್ನ ಪರವಾಗಿ ಒಂದು ಶ್ಲೋಕವನ್ನು ಸೇರಿಸುತ್ತಿದ್ದನು. ಕಾಶಿಯ ಪ್ರತಿಯಾಗಲಿ, ಕರ್ನಾಟಕದ ಪ್ರತಿಯಾಗಲಿ, ಸಣ್ಣ ಪಾಠಭೇದಗಳಿಂದ ಅದೇ ಶ್ಲೋಕವು ಎಷ್ಟೋ ಕಡೆಗೆ ದೊರೆಯುತ್ತದೆ. ಅದರಲ್ಲಿ ಅವನು ಗ್ರಂಥಕರ್ತನ ಮಹಿಮೆಯನ್ನು ಹೇಳುವದಿಲ್ಲ, ದೇವರನ್ನು ಸ್ತುತಿಸುವದಿಲ್ಲ. ತನ್ನ ಬೆನ್ನು, ಟೊಂಕ, ಗೋಣುಗಳ ಅವಸ್ಥೆಯನ್ನು ನಿವೇದಿಸಿ, ಆ ಕಷ್ಟದ ಸಲುವಾಗಿಯಾದರೂ ಪುಸ್ತಕವನ್ನು ಜೋಪಾನ ಮಾಡಿರೆಂದು ಓದುಗನನ್ನು ಬೇಡಿಕೊಳ್ಳುತ್ತಾನೆ. ಗ್ರಂಥದೊಳಗೆ ಬ್ರಹ್ಮವಿಚಾರವಿರಲಿ, ವ್ಯಾಕರಣವಿರಲಿ, ಅಶ್ವವೈದ್ಯವೇ ಇರಲಿ, ಬರೆದವನ ಟೊಂಕದ ನೋವು ಮಾತ್ರ ಒಂದೇ.

ಈ ಶ್ಲೋಕವು ನನಗೆ ಪಾಠಶಾಲೆಯಲ್ಲಿ ಬಾಯಿಪಾಠವಾದದ್ದು. ಅದರ ನಿಜವಾದ ಟೀಕೆಯನ್ನು ಮಾತ್ರ ನಾನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳೆಂಬ ಈ ನಾಲ್ಕು ತಾಲೂಕುಗಳ ಹಳ್ಳಿಹಳ್ಳಿಗಳಲ್ಲಿ ಮಾಸ್ತರಿಕೆ ಮಾಡುತ್ತ ಓದಿದೆನು. ಈ ಭಾಗದಲ್ಲಿ ನಲವತ್ತು ದಾಟಿದ ಮನುಷ್ಯನನ್ನು ಆರೋಗ್ಯದ ಬಗ್ಗೆ ಕೇಳಿ ನೋಡಿರಿ. ಮೊದಲು "ಆರಾಮ ಅದೀನ್ರಿ" ಎನ್ನುವನು. ಆ ಮೇಲೆ ಎದ್ದು ನಿಲ್ಲುವಾಗ ಒಂದು ಕೈ ತಾನಾಗಿಯೇ ಟೊಂಕಕ್ಕೆ ಹೋಗುವದು. ಬಾಯಿ ಹೇಳಿದ್ದಕ್ಕಿಂತ ಕೈ ಹೇಳಿದ್ದೇ ಸತ್ಯವೆಂದು ನಾನು ಎಣಿಸುತ್ತೇನೆ.

ಇದು ನಮ್ಮ ಓಣಿಯ ಮಾತಷ್ಟೇ ಅಲ್ಲ. ಜಗತ್ತಿನ ರೋಗಭಾರವನ್ನು ದೇಶದೇಶಗಳ ಲೆಕ್ಕದಿಂದ ಕೂಡಿಸುವ ವಿದ್ವಾಂಸರ ಎಣಿಕೆಯಂತೆ 2020ರಲ್ಲಿ ಟೊಂಕದ ನೋವಿದ್ದವರು 61 ಕೋಟಿ 90 ಲಕ್ಷ ಜನರು. ಗೋಣಿನ ನೋವಿದ್ದವರು 20 ಕೋಟಿ 30 ಲಕ್ಷ. 2050ರ ಹೊತ್ತಿಗೆ ಮೊದಲನೆಯ ಸಂಖ್ಯೆಯು 84 ಕೋಟಿ 30 ಲಕ್ಷಕ್ಕೂ ಎರಡನೆಯದು 26 ಕೋಟಿ 90 ಲಕ್ಷಕ್ಕೂ ಏರಬಹುದೆಂದು ಅವರ ಅಂದಾಜು. ಮನುಷ್ಯರನ್ನು ಕೊಲ್ಲುವ ರೋಗಗಳ ಪಟ್ಟಿ ಬೇರೆ. ಕೊಲ್ಲದೆ ಕೆಲಸಗೆಡಿಸಿ ಕೂಡ್ರಿಸುವ ರೋಗಗಳ ಪಟ್ಟಿ ಬೇರೆ. ಈ ಎರಡನೆಯ ಪಟ್ಟಿಯಲ್ಲಿ ಟೊಂಕನೋವು 1990ರಿಂದ ಈಚೆಗೆ ಮೊದಲನೆಯ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ವಯಸ್ಸಿನೊಡನೆ ಏರುತ್ತ ಹೋಗುವಂಥದು.

ನಮ್ಮ ಪೂರ್ವಿಕರು ಇದನ್ನು ಅರಿಯದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಕೇವಲ ವಾತದಿಂದ ಹುಟ್ಟುವ ಎಂಬತ್ತು ವಿಕಾರಗಳ ಪಟ್ಟಿಯುಂಟು. ಅದರಲ್ಲಿ ತ್ರಿಕಗ್ರಹ, ಪೃಷ್ಠಗ್ರಹ, ಗ್ರೀವಾಸ್ತಂಭ, ಮನ್ಯಾಸ್ತಂಭಗಳೆಂಬ ಹೆಸರುಗಳು ಬರುತ್ತವೆ. ಟೊಂಕದಿಂದ ಕಾಲಿಗೆ ಇಳಿಯುವ ಸೆಳೆತಕ್ಕೆ ಗೃಧ್ರಸೀ ಎಂದು ಹೆಸರು. ಗೃಧ್ರವೆಂದರೆ ರಣಹದ್ದು. ರೋಗಿಯು ಆ ಹಕ್ಕಿಯಂತೆ ಓಲಾಡುತ್ತ ನಡೆಯುವದರಿಂದ ಈ ಹೆಸರೆಂದು ಹೇಳುವದುಂಟು. ಹೆಸರಿಟ್ಟವನು ರೋಗಿಯನ್ನು ಕಣ್ಣಾರೆ ನೋಡಿ ಇಟ್ಟಿದ್ದಾನೆ. ಸುಶ್ರುತನಂತೂ ಗೋಣು ಸೆಟೆದು ನಿಲ್ಲುವದಕ್ಕೆ ಹಗಲುನಿದ್ದೆ, ಕೂಡ್ರುವ ನಿಲ್ಲುವ ವಕ್ರತೆ, ಬಹಳ ಹೊತ್ತು ಮೇಲೆ ನೋಡುವದು ಇವೇ ಕಾರಣಗಳೆಂದನು. ಇಂದಿನವರು ಕೆಳಗೆ ನೋಡುವದನ್ನೂ ಅದಕ್ಕೆ ಸೇರಿಸಬೇಕಾಗಿ ಬಂದಿದೆ. ಮೊಬೈಲು ಇಲ್ಲದ ಕಾಲದ ಮುನಿಗೆ ಅದು ತೋಚದಿದ್ದರೆ ದೋಷವಿಲ್ಲ.

ಕನ್ನಡದ ಮಾತನ್ನು ನೋಡಿದರೆ ಇನ್ನೂ ಸ್ವಾರಸ್ಯವಿದೆ. ನಮ್ಮ ಧೈರ್ಯ, ನಿಷ್ಠೆ, ಒಪ್ಪಿಗೆಗಳೆಲ್ಲ ಈ ಮೂರು ಅವಯವಗಳ ಮೇಲೆಯೇ ನಿಂತಿವೆ. ಸಹಾಯಕ್ಕೆ ಬರುವವನು ಬೆನ್ನಿಗೆ ನಿಲ್ಲುತ್ತಾನೆ, ಹೇಡಿಯು ಬೆನ್ನು ತೋರಿಸುತ್ತಾನೆ, ಕಾರ್ಯಕ್ಕೆ ಮುಂದಾದವನು ಟೊಂಕ ಕಟ್ಟುತ್ತಾನೆ, ಒಪ್ಪಿದವನು ಗೋಣು ಹಾಕುತ್ತಾನೆ. ಈ ಮೂರೂ ನೋಯತೊಡಗಿದವನಿಗೆ ಬರಿಯ ಶರೀರವಲ್ಲ, ಭಾಷೆಯೇ ಕೈಕೊಟ್ಟಂತೆ ಆಗುತ್ತದೆ.

ಇನ್ನು ನೋವು ಹುಟ್ಟುವ ಸ್ಥಳಗಳಿಗೆ ಬರೋಣ. ಬೈಲಹೊಂಗಲ ಸವದತ್ತಿಗಳ ಎರೆಭೂಮಿಯಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಮುಂಜಾನೆ ಹೊರಟ ಹೆಣ್ಣುಮಕ್ಕಳನ್ನು ವಾಚಕರು ನೋಡಿಯೇ ಇರುತ್ತಾರೆ. ಹೊಟ್ಟೆಯ ಮುಂದೆ ಉಡಿ ಕಟ್ಟಿಕೊಂಡು, ಗಿಡದ ಎತ್ತರಕ್ಕೆ ಬಾಗಿ, ಸಾಲು ಮುಗಿಯುವವರೆಗೆ ಬಾಗಿಯೇ ನಡೆಯಬೇಕು. ಉಡಿಯು ತುಂಬಿದಷ್ಟೂ ಭಾರವು ಮುಂದಕ್ಕೆ ಜಗ್ಗುತ್ತದೆ, ಟೊಂಕವು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಬಿಳಿಜೋಳದ ಸುಗ್ಗಿಯಲ್ಲಿ ದಂಟನ್ನು ಬುಡಸಹಿತ ಕೀಳುವದು ಇದಕ್ಕಿಂತ ಕಠಿಣ. ಕಳೆ ತೆಗೆಯುವಾಗ ಕುಕ್ಕರುಗಾಲಿನಲ್ಲಿ ಸರಿಯುವದರಿಂದ ಟೊಂಕಕ್ಕೆ ತುಸು ಬಿಡುವು. ಆ ಪಾಳಿ ಮೊಣಕಾಲಿಗೆ.

ಕಿತ್ತೂರಿನ ಕಡೆಗೆ ಎಂ. ಕೆ. ಹುಬ್ಬಳ್ಳಿಯ ಸಕ್ಕರೆ ಕಾರಖಾನೆಯ ದಾರಿ ಹಿಡಿದರೆ ಕಬ್ಬಿನ ದೃಶ್ಯ. ಬಗ್ಗಿ ಬುಡಕ್ಕೆ ಕತ್ತಿ ಹಾಕುವದು, ಎದ್ದು ಸುಲಿಯುವದು, ಮತ್ತೆ ಬಗ್ಗಿ ಹೊರೆ ಕಟ್ಟುವದು, ಆ ಹೊರೆಯನ್ನು ತಲೆಯ ಮೇಲೆ ಹೊತ್ತು ಹಲಗೆಯ ಮೇಲಿಂದ ಗಾಡಿಗೆ ಏರುವದು. ಸ್ವೀಡನ್ ದೇಶದ ನಾಶೆಮ್ಸನ್ ಎಂಬ ಶಸ್ತ್ರವೈದ್ಯರು 1960ರ ದಶಕದಲ್ಲಿ ಜೀವಂತ ಮನುಷ್ಯರ ಬೆನ್ನುಮಣಿಗಳ ನಡುವಿನ ಮೆತ್ತೆಗೆ ಸೂಜಿಯಿಳಿಸಿ ಅದರೊಳಗಿನ ಒತ್ತಡವನ್ನು ಅಳೆದರು. ನೆಟ್ಟಗೆ ನಿಂತಾಗ ಇದ್ದ ಒತ್ತಡವು ಮುಂದಕ್ಕೆ ಬಾಗಿದಾಗ ಏರುತ್ತದೆ, ಬಾಗಿ ಭಾರವೆತ್ತಿದಾಗ ಇನ್ನೂ ಬಹಳ ಏರುತ್ತದೆ ಎಂದು ಅವರು ಕಂಡರು. ಆ ಸೂಜಿಯನ್ನು ನಮ್ಮ ಕಬ್ಬು ಕಡಿಯುವವರ ಬೆನ್ನಿಗೆ ಇಳಿಸಿದ್ದರೆ ಏನು ಕಾಣುತ್ತಿದ್ದಿತೋ.

ರಾಮದುರ್ಗದಲ್ಲಿಯೂ ಸುರೇಬಾನ ಮನಿಹಾಳಗಳಲ್ಲಿಯೂ ನೇಕಾರರದು ಬೇರೊಂದು ಬಗೆ. ನಾನು ಅಲ್ಲಿದ್ದ ಕಾಲಕ್ಕೆ ಕುಣಿಮಗ್ಗಗಳ ಸದ್ದು ಇನ್ನೂ ಕೇಳುತ್ತಿದ್ದಿತು. ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಬೆನ್ನಿಗೆ ಆಸರವಿಲ್ಲದೆ, ಕಣ್ಣನ್ನು ನೂಲಿನಲ್ಲಿ ನೆಟ್ಟು, ಗೋಣು ಬಾಗಿಸಿ ಕೂತವನನ್ನು ಕಂಡಾಗಲೆಲ್ಲ ನನಗೆ ಆ ಲಿಪಿಕಾರನ ನೆನಪು ಆಗುತ್ತಿದ್ದಿತು. ಮನುಷ್ಯನ ತಲೆಯ ತೂಕ ಸುಮಾರು ಐದು ಕಿಲೋ. ಅದು ಬೆನ್ನುಗಂಬದ ನೆತ್ತಿಯ ಮೇಲೆ ನೆಟ್ಟಗೆ ಕೂತಿದ್ದರೆ ಏಳು ಗೋಣುಮಣಿಗಳಿಗೆ ಅದು ಭಾರವೆನಿಸದು; ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳು ಅದನ್ನು ಹಗ್ಗದಂತೆ ಜಗ್ಗಿ ಹಿಡಿಯಬೇಕಾಗುತ್ತದೆ. ವಿದ್ಯುನ್ಮಗ್ಗಗಳು ಬಂದ ಮೇಲೆ ನೇಕಾರನು ಕೂಡ್ರುವ ಬದಲು ನಿಲ್ಲುತ್ತಾನೆ. ಟೊಂಕಕ್ಕೆ ಆದ ಲಾಭವೆಷ್ಟೆಂದು ಅವನನ್ನೇ ಕೇಳಬೇಕು.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗಳಲ್ಲಿ ಬರುವ ಜೋಗತಿಯರು ತಲೆಯ ಮೇಲೆ ಜಗ ಹೊತ್ತು ಬರುವದನ್ನು ಕಂಡು ಪರಊರಿನ ಒಬ್ಬ ಸ್ನೇಹಿತರು, ಇವರ ಗೋಣು ಹೇಗೆ ತಾಳುವದೆಂದು ನನ್ನನ್ನು ಕೇಳಿದರು. ಚಿಕ್ಕಂದಿನಿಂದ ಸಿಂಬಿಯಿಟ್ಟು ಕೊಡ ಹೊತ್ತ ನಮ್ಮ ಹೆಣ್ಣುಮಕ್ಕಳಿಗೆ ನೆಟ್ಟಗೆ ನಡೆಯುವ ವಿದ್ಯೆಯು ಸಾಧಿಸಿರುತ್ತದೆ. ಹಾಗೆಂದು ಭಾರವು ಭಾರವಲ್ಲದೆ ಹೋಗುವದಿಲ್ಲ. ಭಕ್ತಿಯಿಂದ ಹೊತ್ತದ್ದು ನೋಯುವದಿಲ್ಲವೆಂದು ಹೇಳುವವರು ಸಾಮಾನ್ಯವಾಗಿ ಹೊರದೆ ಇದ್ದವರು.

ನನ್ನ ಟೊಂಕದ ಕಥೆಯು ಬಹಳ ಸಣ್ಣದು. ನಿವೃತ್ತನಾದ ವರುಷ ಪುಸ್ತಕದ ಟ್ರಂಕನ್ನು ಸರಿಸುವಾಗ ಚಳಕು ಹೊಡೆದು ನೆಲಕ್ಕೆ ಕೂತೆನು. ಓಣಿಯ ಜನವೆಲ್ಲ ಬಂದು ಉಪಚಾರ ಹೇಳಿತು. ಲಕ್ಕಿಯ ಸೊಪ್ಪಿನ ಬಿಸಿನೀರು ಒಬ್ಬರದು, ಉಸುಕಿನ ಶಾಖ ಇನ್ನೊಬ್ಬರದು. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಳ್ಳಬೇಕೆಂಬದು ಮತ್ತೊಬ್ಬರದು. ಅಂಥ ಜನ್ಮದ ಹುಡುಗನೊಬ್ಬನನ್ನು ಕರತಂದೂ ನಿಲ್ಲಿಸಿದರು. ಅವನು ನನ್ನ ಶಿಷ್ಯನಾದ ಕಾರಣ ಗುರುವಿಗೆ ಒದೆಯಲು ಒಪ್ಪಲಿಲ್ಲ. ಡಾಕ್ಟರರು ನೋಡಿ, ಎರಡು ದಿನಕ್ಕಿಂತ ಹೆಚ್ಚು ಮಲಗಬೇಡಿರಿ, ನೋವಿದ್ದರೂ ಮೆಲ್ಲಗೆ ಅಡ್ಡಾಡಿರಿ ಎಂದರು. ಮೂರು ವಾರಗಳಲ್ಲಿ ನೆಟ್ಟಗಾದೆನು. ಆ ದಿನಗಳಲ್ಲಿ ನಮ್ಮ ಮನೆಯಾಕೆ ಮೂರು ಹೊತ್ತು ಬಿಸಿನೀರು ಕಾಸಿದಳು. ಎದ್ದು ಕೂಡ್ರುವಾಗ ಅವಳೂ ಟೊಂಕ ಹಿಡಿದುಕೊಳ್ಳುವದನ್ನು ಕಂಡು, ನಿನಗೂ ನೋಯುತ್ತದೆಯೇ ಎಂದು ಕೇಳಿದೆನು. "ನಿಮ್ಮದು ಚಳಕರಿ, ನಂದು ಸಂಸಾರ" ಎಂದಳು. ನಲವತ್ತು ವರುಷ ಒಲೆಯ ಮುಂದೆ ಕೂತು ರೊಟ್ಟಿ ಬಡಿದ ಬೆನ್ನು ಅದು. ಈಗ ಅಡಿಗೆಮನೆಯಲ್ಲಿ ಕಟ್ಟೆ ಬಂದಿದೆ, ನಿಂತು ಬಡಿಯುತ್ತಾಳೆ. ಪೇಟೆಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಮನೆಗಳಲ್ಲಿ ದಿನಕ್ಕೆ ನೂರಾರು ಬಡಿಯುವವರೂ ಇದ್ದಾರೆ. ಅವರ ಗೋಣುನೋವು ಯಾವ ದವಾಖಾನೆಯ ಪುಸ್ತಕದಲ್ಲಿಯೂ ಏರಿರಲಿಕ್ಕಿಲ್ಲ.

ಆದರೆ ಈ ಲೇಖನವನ್ನು ಬರೆಯಲಿಕ್ಕೆ ನನ್ನನ್ನು ಕೂಡ್ರಿಸಿದ್ದು ಇವು ಯಾವವೂ ಅಲ್ಲ. ನಮ್ಮ ಭಾಗದ ಒಂದು ಪೇಟೆಯಲ್ಲಿ ಹಮಾಲಿ ಮಾಡುವ ಗೃಹಸ್ಥನೊಬ್ಬನುಂಟು. ಎಂಟನೆಯ ಇಯತ್ತೆಯವರೆಗೆ ನನ್ನ ಕೈಯಲ್ಲಿ ಕಲಿತವನು, ಈಗ ಐವತ್ತರ ಸಮೀಪದವನು. ಕಡಲೆಯ ಚೀಲ, ಜೋಳದ ಚೀಲ, ಹತ್ತಿಯ ಅಂಡಗಿ ಹೊತ್ತು ಮೂವತ್ತು ವರುಷ ಮನೆ ನಡಿಸಿದನು. ಕ್ವಿಂಟಲ್ ತೂಕದ ಚೀಲವನ್ನು ಬೆನ್ನ ಮೇಲೆ ಇಳಿಸಿಕೊಳ್ಳುವ ಅವನ ಚಾಕಚಕ್ಯವನ್ನು ನಿಂತು ನೋಡುವಂತಿದ್ದಿತು. ಕಳೆದ ವರುಷ ಅವನಿಗೆ ಟೊಂಕ ಹಿಡಿಯಿತು. ಹದಿನೈದು ದಿನಕ್ಕೂ ಬಿಡದ ಕಾರಣ ಸಾಲ ಮಾಡಿ ಎಂ. ಆರ್. ಐ. ಚಿತ್ರ ತೆಗೆಯಿಸಿದನು. ಚಿತ್ರ ತೆಗೆದಲ್ಲಿಯ ಯಾರೋ ಒಬ್ಬರು ಆ ಕಾಗದವನ್ನು ಓದಿ ಹೇಳಿದ ನಾಲ್ಕು ಮಾತು ಅವನ ಮನಸ್ಸಿನಲ್ಲಿ ಸೇರಿಬಿಟ್ಟವು. ನನ್ನಲ್ಲಿಗೆ ಬಂದವನು ಕಟ್ಟೆಯ ಮೇಲೆ ಕೂಡ್ರಲಿಕ್ಕೂ ಅಂಜಿದನು.

"ಗುರುಗಳ, ನನ್ನ ಬೆನ್ನಿನ ಮಣಿ ಸವದಾವಂತ್ರಿ. ಇನ್ನ ಚೀಲಕ್ಕ ಕೈ ಹಚ್ಚಿದ್ರ ಲಕ್ವಾ ಹೊಡೀತೈತಿ ಅಂತ ಅಂದಾರ್ರಿ."

"ಯಾರಪಾ ಅಂದವರು? ಡಾಕ್ಟರರೇನು?"

"ಯಾರೋ ಗೊತ್ತಿಲ್ರಿ. ಕಾಗದ ಕೊಡಾವ್ರು."

ಆರು ತಿಂಗಳಿಂದ ಕೆಲಸಕ್ಕೆ ಹೋಗಿರಲಿಲ್ಲ. ಟೊಂಕಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು ಹಾಸಿಗೆಯಲ್ಲಿ ಇರುತ್ತಿದ್ದನು. ಹೆಂಡತಿಯು ಹತ್ತಿ ಬಿಡಿಸಲಿಕ್ಕೆ ಹೋಗುತ್ತಿದ್ದಳು. ಕಾಲೇಜಿನಲ್ಲಿದ್ದ ಮಗಳನ್ನು ಬಿಡಿಸಿ ಬಟ್ಟೆಯಂಗಡಿಯಲ್ಲಿ ನಿಲ್ಲಿಸುವ ಮಾತು ನಡೆದಿತ್ತು. ಊರಿನವರು ಶಸ್ತ್ರಕ್ರಿಯೆಯೊಂದೇ ದಾರಿಯೆಂದು ಹೇಳಿದ್ದರಿಂದ ಇದ್ದ ಎರಡು ಎಕರೆಯನ್ನು ಒತ್ತೆಯಿಡುವ ವಿಚಾರವೂ ಇದ್ದಿತು.

ಅವನನ್ನು ನನ್ನ ಟೊಂಕ ನೋಡಿದ ಡಾಕ್ಟರರಲ್ಲಿಗೆ ನಾನೇ ಕರಕೊಂಡು ಹೋದೆನು. ಅವರು ಚಿತ್ರಕ್ಕಿಂತ ಮೊದಲು ಮನುಷ್ಯನನ್ನು ನೋಡಿದರು. ಹಿಮ್ಮಡಿಯ ಮೇಲೆ ನಡಿಸಿದರು, ತುದಿಗಾಲ ಮೇಲೆ ನಡಿಸಿದರು, ಮಲಗಿಸಿ ಒಂದೊಂದೇ ಕಾಲನ್ನು ಎತ್ತಿದರು. ಮೂತ್ರದ ಹಿಡಿತ ತಪ್ಪಿದೆಯೇ, ಕೂಡ್ರುವ ಜಾಗದ ಸುತ್ತಲೂ ಜೋಮು ಹಿಡಿದಿದೆಯೇ, ಕಾಲಿನ ಬಲ ಕುಂದುತ್ತ ನಡೆದಿದೆಯೇ, ಸಂಜೆ ಜ್ವರ ಬರುವದೇ, ಮೈ ಇಳಿದಿದೆಯೇ, ಎತ್ತರದಿಂದ ಬಿದ್ದದ್ದುಂಟೇ, ಹಿಂದೆ ಅರ್ಬುದರೋಗ ಆಗಿದ್ದಿತೇ ಎಂದು ಕೇಳಿದರು. ಈ ಪ್ರಶ್ನೆಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಸಾವಕಾಶ ಮಾಡತಕ್ಕದ್ದಲ್ಲ ಎಂಬದನ್ನು ವಾಚಕರು ನೆನಪಿನಲ್ಲಿಡಬೇಕು. ಬೆನ್ನುಮಣಿಗೆ ಕ್ಷಯ ತಗಲುವದು ನಮ್ಮ ದೇಶದಲ್ಲಿ ಅಪೂರ್ವವಲ್ಲ. ಮುದುಕಿಯರ ಸೊರಗಿದ ಎಲುಬು ಸಣ್ಣ ಬೀಳುವಿಕೆಗೂ ಮುರಿಯುವದುಂಟು. ಇವನ ಉತ್ತರಗಳೆಲ್ಲ ಇಲ್ಲವೆಂದೇ ಬಂದವು. ಟೊಂಕನೋವಿನವರಲ್ಲಿ ನೂರಕ್ಕೆ ತೊಂಬತ್ತು ಮಂದಿಯದು ಇಂಥದೇ. ಇದೇ ಎಲುಬು, ಇದೇ ನರವೆಂದು ಬೊಟ್ಟಿಟ್ಟು ತೋರಿಸಲಾಗದ ನೋವು. ತೋರಿಸಲಾಗದ್ದರಿಂದ ಸುಳ್ಳೆಂದು ಮಾತ್ರ ಅಲ್ಲ.

ಆ ಬಳಿಕ ಅವರು ಚಿತ್ರವನ್ನು ಬೆಳಕಿಗೆ ಹಿಡಿದು ಹೇಳಿದ ಮಾತು ನನಗೆ ಹೊಸದಾಗಿದ್ದಿತು. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಯಾವ ಬೆನ್ನುನೋವೂ ಇಲ್ಲದ 3110 ಮಂದಿಯ ಇಂಥ ಚಿತ್ರಗಳ ಲೆಕ್ಕವನ್ನು ಕೂಡಿಸಿದ್ದಾರೆ. ಇಪ್ಪತ್ತರ ವಯಸ್ಸಿನ ನಿರೋಗಿಗಳಲ್ಲಿಯೇ ನೂರಕ್ಕೆ 37 ಮಂದಿಗೆ ಮಣಿಗಳ ನಡುವಿನ ಮೆತ್ತೆ ಸವೆದದ್ದು ಕಂಡಿತು. ಐವತ್ತರಲ್ಲಿ ನೂರಕ್ಕೆ 80, ಎಂಬತ್ತರಲ್ಲಿ 96. ಮೆತ್ತೆ ಉಬ್ಬಿಕೊಂಡದ್ದು ಐವತ್ತರವರಲ್ಲಿ ನೂರಕ್ಕೆ 60 ಮಂದಿಗೆ. ಇವರೆಲ್ಲ ನೋವಿಲ್ಲದೆ ಓಡಾಡುತ್ತಿದ್ದವರು! ಎಂದಮೇಲೆ ಸವೆತವೆಂಬದು ತಲೆಗೂದಲು ನೆರೆತಂತೆ ಬಹುಮಟ್ಟಿಗೆ ವಯಸ್ಸಿನ ಗುರುತು. ಅದನ್ನೇ ನೋವಿನ ಕಾರಣವೆಂದು ನಿಷ್ಕರ್ಷೆ ಮಾಡುವದು ತರ್ಕಶಾಸ್ತ್ರದಲ್ಲಿ ಅನ್ಯಥಾಸಿದ್ಧವಾದದ್ದನ್ನು ಕಾರಣವೆಂದಂತೆ. ಗಡಿಗೆ ಆಗುವಾಗ ಕುಂಬಾರನ ಕತ್ತೆಯೂ ಹತ್ತಿರದಲ್ಲಿ ಇರುತ್ತದೆ. ಹಾಗೆಂದು ಗಡಿಗೆಗೆ ಕತ್ತೆ ಕಾರಣವಲ್ಲ. ನೈಯಾಯಿಕರ ಈ ಹಳೆಯ ಉದಾಹರಣೆಯನ್ನು ಡಾಕ್ಟರರಿಗೆ ಹೇಳಿದಾಗ ಅವರು ನಕ್ಕು ಬರೆದುಕೊಂಡರು.

ಮಲಗಿರುವದರ ವಿಷಯ. 1986ರಷ್ಟು ಹಿಂದೆಯೇ ಅಮೇರಿಕೆಯಲ್ಲಿ ಎರಡು ದಿನ ಮಲಗಿದವರನ್ನೂ ಏಳು ದಿನ ಮಲಗಿದವರನ್ನೂ ಹೋಲಿಸಿ ನೋಡಿದ್ದರು. ಹೆಚ್ಚು ಮಲಗಿದ್ದರಿಂದ ಹೆಚ್ಚು ಗುಣವೇನೂ ಆಗಿರಲಿಲ್ಲ, ಕೆಲಸದ ದಿನಗಳು ಮಾತ್ರ ಹೆಚ್ಚು ಹೋಗಿದ್ದವು. ಜಾಗತಿಕ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರದಲ್ಲಿ ದೀರ್ಘಕಾಲದ ಟೊಂಕನೋವಿಗೆ ಹೊರಡಿಸಿದ ಮಾರ್ಗದರ್ಶನದಲ್ಲಿ ವ್ಯಾಯಾಮ, ರೋಗಿಗೆ ತಿಳಿಹೇಳುವದು, ಅಂಗಮರ್ದನ, ಮನಸ್ಸಿನ ಅಂಜಿಕೆ ಕಳೆಯುವ ಉಪಾಯ ಇವುಗಳಿಗೆ ಒಪ್ಪಿಗೆಯುಂಟು. ಟೊಂಕದ ಪಟ್ಟಿ, ತೂಕ ಕಟ್ಟಿ ಜಗ್ಗುವದು, ಅಫೀಮಿನ ಜಾತಿಯ ಮಾತ್ರೆಗಳು ಇವುಗಳಿಗೆ ಇಲ್ಲ. ಬೀಡಿಯನ್ನೂ ಬಿಡಬೇಕೆಂದು ಡಾಕ್ಟರರು ಅವನಿಗೆ ಹೇಳಿದರು. ಧೂಮಪಾನವೂ ಟೊಂಕನೋವಿನ ಕಾರಣಗಳಲ್ಲಿ ಎಣಿಕೆಯಾಗಿದೆಯಂತೆ. ಬೆನ್ನಿಗೂ ಬೀಡಿಗೂ ಏನು ಸಂಬಂಧವೆಂದು ಅವನು ಮುಖ ನೋಡಿದನು.

ದಿನಕ್ಕೆ ಕಾಲು ಹರದಾರಿ ನಡಿಗೆ, ನೆಲದ ಮೇಲೆ ಮಲಗಿ ಮಾಡುವ ಮೂರು ವ್ಯಾಯಾಮ, ವಾರವಾರಕ್ಕೆ ತುಸು ತುಸು ಭಾರ ಎತ್ತುವದು, ಹೀಗೆ ನಾಲ್ಕು ತಿಂಗಳು ನಡೆಯಿತು. ಕೊಡಪಾನದಿಂದ ಆರಂಭಿಸಿದನು. ಮೊದಲ ದಿನ ಅರ್ಧ ಕೊಡ ನೀರನ್ನು ಎತ್ತಿ ನಿಂತಾಗ ಅವನ ಹಣೆಯ ಮೇಲೆ ಬೆವರು ಬಂದದ್ದು ಭಾರದಿಂದಲ್ಲ. ನೋವು ಪೂರ್ತಿ ಹೋಗಿದೆಯೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಈಗಲೂ ಹಿಡಿಯುತ್ತದೆ. ಅಂಜಿಕೆ ಹೋಗಿದೆ. ಹೊಲ ಒತ್ತೆ ಬೀಳಲಿಲ್ಲ. ಮಗಳು ಕಾಲೇಜು ಬಿಡಲಿಲ್ಲ.

ಆದರೂ ಒಂದು ತೊಡಕು ಉಳಿದಿದೆ. ಅದು ವೈದ್ಯರ ಕೈಯಲ್ಲಿ ಇರುವದಲ್ಲ. ಅಂಜಬೇಡ, ಹೊರು ಎಂದು ಹೇಳುವದು ಸರಿಯೇ, ಎಷ್ಟು ಹೊರಬೇಕು? 1967ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಪ್ರಾಯದ ಗಂಡಾಳು ಕೈಯಿಂದ ಎತ್ತಿ ಹೊರುವ ಭಾರವು 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ಪಡಿತರದ ಅಕ್ಕಿ ಈಗ 50 ಕಿಲೋದ ಚೀಲದಲ್ಲಿ ಬರುತ್ತದೆ. ಅವನ ಪೇಟೆಯಲ್ಲಿ ಕಾಳಿನ ಚೀಲ ಇಂದಿಗೂ ಒಂದು ಕ್ವಿಂಟಲ್. ಚೀಲವನ್ನು ಅರ್ಧ ಮಾಡಿರೆಂದು ಹಮಾಲರು ಕೇಳಿದರೆ, ಅಡತಿಯ ಅಂಗಡಿಯವರು ಆಗಲಿ ಎಂದರಂತೆ. ಹಮಾಲಿಯನ್ನೂ ಚೀಲಕ್ಕೆ ಅರ್ಧ ಮಾಡುತ್ತೇವೆ ಎಂದೂ ಅಂದರಂತೆ. ಅಂದರೆ ಅದೇ ಕೂಲಿಗೆ ಎರಡು ಸಲ ನಡೆಯಬೇಕು, ಎರಡು ಸಲ ಬಗ್ಗಬೇಕು. ಚೊಚ್ಚಲ ಮಾತಿಗೆ ಇದು ನ್ಯಾಯದಂತೆ ಕಾಣುತ್ತದೆ. ಬೆನ್ನಿನ ಕಡೆಯಿಂದ ನೋಡಿದರೆ ಭಾರ ಇಳಿಸುವದಕ್ಕೆ ಬೆನ್ನೇ ಬೆಲೆ ತೆತ್ತಂತೆ.

ಕಳೆದ ಅಮಾವಾಸ್ಯೆಯ ಮರುದಿನ ಅವನು ಇನ್ನೂ ನಾಲ್ವರನ್ನು ಕರಕೊಂಡು ನಮ್ಮ ಮನೆಗೆ ಬಂದನು. ಚೀಲ 50 ಕಿಲೋದ್ದಿರಬೇಕು, ಹಮಾಲಿ ಮಾತ್ರ ಈಗಿನ ಚೀಲದ ದರದ ಮೂರರಲ್ಲಿ ಎರಡು ಪಾಲು ಇರಬೇಕು, ಹೀಗೊಂದು ಅರ್ಜಿ ಬರೆದುಕೊಡಿರೆಂದರು. ಬರೆದುಕೊಟ್ಟೆನು. "ಗುರುಗಳ, ಲಗೂನ ಓದೂಹಂಗ ಸಣ್ಣದು ಮಾಡ್ರಿ" ಎಂದು ಅವನು ಹೇಳಿದ್ದರಿಂದ ಎರಡು ಸಲ ತಿದ್ದಿ ಒಂದೇ ಪುಟಕ್ಕೆ ಇಳಿಸಿದೆನು. ಹದಿನೇಳು ಸಹಿ, ನಾಲ್ಕು ಹೆಬ್ಬೆರಳ ಗುರುತು. ವ್ಯಾಪಾರಸ್ಥರು ಬರುವ ತಿಂಗಳ ಮೊದಲ ಸೋಮವಾರ ಕೂಡ್ರುತ್ತಾರಂತೆ. ಅಲ್ಲಿಯವರೆಗೆ ಅವನು ಒಂದು ಚೀಲಕ್ಕೆ ಇಬ್ಬರು ಹಿಡಿಯುವ ಕರಾರಿನ ಮೇಲೆ, ಅರ್ಧ ದಿನದ ಕೆಲಸಕ್ಕೆ ಹೋಗುತ್ತಿದ್ದಾನೆ.